ಕಂಪನಿ ಬೇರೆ, ನೀವು ಬೇರೆ: ಸಹಿ ಹಾಕುವವರೆಗೆ

ಬ್ಯಾಂಕಿನ ಮೇಜಿನ ಮೇಲೆ ಒಂದು ಕಟ್ಟು ಕಾಗದ ಇದೆ. ಪೆನ್ಸಿಲಿನಲ್ಲಿ ಗುರುತು ಹಾಕಿದ ಕಡೆಯೆಲ್ಲ ನೀವು ಸಹಿ ಹಾಕುತ್ತಾ ಹೋಗುತ್ತೀರಿ. ಇಲ್ಲಿ, ಇಲ್ಲಿ, ಆಮೇಲೆ ಇಲ್ಲಿ. ಮೊದಲ ಪುಟಗಳಲ್ಲಿ ಸಹಿಯ ಮೇಲೆ ಕಂಪನಿಯ ಮೊಹರು ಬೀಳುತ್ತದೆ. ನಡುವೆ ಎಲ್ಲೋ ಒಂದು ಪುಟಕ್ಕೆ ಮೊಹರು ಇಲ್ಲ. ಬರೀ ನಿಮ್ಮ ಹೆಸರು, ನಿಮ್ಮ ಮನೆಯ ವಿಳಾಸ. ಅದು ಜಾಮೀನು ಪತ್ರ. ಸಾಲ ತೆಗೆದುಕೊಳ್ಳುತ್ತಿರುವುದು ಕಂಪನಿ. ಅದು ಕಟ್ಟದಿದ್ದರೆ ಕಟ್ಟಬೇಕಾದವರು ನೀವು.

ಸಣ್ಣ ವ್ಯಾಪಾರಿಗಳಿಗೆ ಕಾನೂನು ಹೇಳಿಕೊಡುವ ಲೇಖನಗಳು ಹೆಚ್ಚಾಗಿ ಒಂದೇ ಪ್ರಶ್ನೆಯಿಂದ ಶುರುವಾಗುತ್ತವೆ. ಒಬ್ಬರೇ ಮಾಲೀಕರಾಗಿ ಇರಬೇಕೋ, ಪಾಲುದಾರರನ್ನು ಸೇರಿಸಿಕೊಳ್ಳಬೇಕೋ, ಕಂಪನಿ ಮಾಡಿಕೊಳ್ಳಬೇಕೋ? ಕೊನೆಗೆ ಸಿಗುವ ಸಲಹೆಯೂ ಒಂದೇ. ಕಂಪನಿ ಮಾಡಿಕೊಳ್ಳಿ, ವ್ಯಾಪಾರ ಮುಳುಗಿದರೂ ಮನೆ ಉಳಿಯುತ್ತದೆ. ಇದು ಸುಳ್ಳಲ್ಲ, ಆದರೆ ಅರ್ಧ ಮಾತ್ರ ನಿಜ. ಕಂಪನಿ ಕಟ್ಟುವ ಗೋಡೆ ದೊಡ್ಡ ಸಂಸ್ಥೆಯ ಷೇರುದಾರರನ್ನು ಪೂರ್ತಿ ಕಾಯುತ್ತದೆ. ಸಣ್ಣ ಕಂಪನಿಯ ಮಾಲೀಕ ಮಾತ್ರ ಆ ಗೋಡೆಗೆ ತಾನೇ ಒಂದೊಂದಾಗಿ ಬಾಗಿಲು ಇಡುತ್ತಾ ಹೋಗುತ್ತಾನೆ. ಎಷ್ಟೋ ಸಲ ಅದು ಬಾಗಿಲು ಎಂದು ಗೊತ್ತಾಗುವುದೇ ಇಲ್ಲ.

ಇವತ್ತು ಈ ಮಾತು ಯಾಕೆ ಮುಖ್ಯ ಅಂದರೆ, ಕಂಪನಿ ಮಾಡುವುದು ಹಿಂದೆಂದೂ ಇಷ್ಟು ಸುಲಭ ಇರಲಿಲ್ಲ. ಅನೇಕ ದೇಶಗಳಲ್ಲಿ ಆನ್‌ಲೈನ್ ಅರ್ಜಿ ತುಂಬಿದರೆ ಕೆಲವೇ ದಿನಗಳಲ್ಲಿ ಕಂಪನಿ ಕೈಗೆ ಬರುತ್ತದೆ. ಸುಲಭವಾಗಿ ಸಿಕ್ಕಿದ್ದನ್ನು ನಾವು ಓದಿ ನೋಡುವುದು ಕಡಿಮೆ, ಅಲ್ವಾ?

ಒಬ್ಬ ಬೂಟು ತಯಾರಕನ ಕಥೆ

ಈ ಗೋಡೆ ಎಲ್ಲಿಂದ ಬಂತು ಎಂದು ಹುಡುಕಿದರೆ ನಾವು ಹೋಗಿ ನಿಲ್ಲುವುದು ಲಂಡನ್ನಿನ ಒಬ್ಬ ಬೂಟು ತಯಾರಕನ ಮುಂದೆ. ಆತನ ಹೆಸರು ಆರನ್ ಸಾಲೊಮನ್. ಹಲವು ವರ್ಷಗಳಿಂದ ಚೆನ್ನಾಗಿ ನಡೆಯುತ್ತಿದ್ದ ಚರ್ಮದ ಬೂಟಿನ ವ್ಯಾಪಾರವನ್ನು ಆತ 1892ರಲ್ಲಿ ಒಂದು ಲಿಮಿಟೆಡ್ ಕಂಪನಿಗೆ ಮಾರಿದ. ಆ ಕಂಪನಿ ಯಾರದು? ಅವನದೇ. ಆಗಿನ ಕಾನೂನಿಗೆ ಕನಿಷ್ಠ 7 ಮಂದಿ ಸದಸ್ಯರು ಬೇಕಿತ್ತು. ಹೆಂಡತಿ ಮತ್ತು ಐವರು ಮಕ್ಕಳಿಗೆ ಒಂದೊಂದು ಷೇರು ಕೊಟ್ಟು ಲೆಕ್ಕ ತುಂಬಿಸಿದ. ಉಳಿದ 20 ಸಾವಿರಕ್ಕೂ ಹೆಚ್ಚು ಷೇರು ತನ್ನ ಹೆಸರಿಗೇ ಇಟ್ಟುಕೊಂಡ. ವ್ಯಾಪಾರಕ್ಕೆ ಕಟ್ಟಿದ ಬೆಲೆ ಸುಮಾರು 39,000 ಪೌಂಡು, ಸ್ವಲ್ಪ ಧಾರಾಳವಾಗಿಯೇ ಕಟ್ಟಿದ್ದ. ಆ ಬೆಲೆಯಲ್ಲಿ 10,000 ಪೌಂಡನ್ನು ಕಂಪನಿ ತನಗೆ ಕೊಡಬೇಕಾದ ಸಾಲ ಎಂದು ಡಿಬೆಂಚರ್ ಬರೆಸಿಕೊಂಡ. ಅಂದರೆ ಕಂಪನಿಯ ಮಾಲೀಕನೂ ಅವನೇ, ಅದಕ್ಕೆ ಅಡಮಾನದ ಮೇಲೆ ಸಾಲ ಕೊಟ್ಟವನೂ ಅವನೇ.

ಮರುವರ್ಷವೇ ಕಂಪನಿ ದಿವಾಳಿ ಎದ್ದಿತು. ಅಡಮಾನ ಇದ್ದ ಸಾಲಕ್ಕೆ ಮೊದಲ ಹಕ್ಕು. ಸರಕು ಕೊಟ್ಟು ಬಾಕಿ ಉಳಿಸಿಕೊಂಡಿದ್ದವರಿಗೆ ಏನೂ ಉಳಿಯುವಂತಿರಲಿಲ್ಲ. ಅವರ ಪರವಾಗಿ ಲಿಕ್ವಿಡೇಟರ್, ಅಂದರೆ ಮುಳುಗಿದ ಕಂಪನಿಯ ಆಸ್ತಿ ಮಾರಿ ಸಾಲ ತೀರಿಸುವ ಅಧಿಕಾರಿ, ವಾದಿಸಿದ: ಕಂಪನಿ ಅನ್ನುವುದು ಬರೀ ಹೆಸರಿಗೆ, ಒಳಗೆ ಇರುವವನು ಸಾಲೊಮನ್ ಒಬ್ಬನೇ, ಅವನೇ ಕೊಡಲಿ. ಕೆಳಗಿನ ಕೋರ್ಟಿಗೆ ಇದು ಸರಿ ಅನ್ನಿಸಿತು. ಮೇಲ್ಮನವಿಯ ಕೋರ್ಟಿಗೂ ಸರಿ ಅನ್ನಿಸಿತು. ಆದರೆ ಆಗ ಬ್ರಿಟನ್ನಿನ ಅತಿ ಮೇಲಿನ ಕೋರ್ಟಾಗಿದ್ದ ಹೌಸ್ ಆಫ್ ಲಾರ್ಡ್ಸ್ ಒಮ್ಮತದಿಂದ ಎರಡೂ ತೀರ್ಪುಗಳನ್ನು ತಿರುಗಿಸಿ ಹಾಕಿತು. ಕಾನೂನು ಕೇಳಿದ್ದು 7 ಮಂದಿ ಸದಸ್ಯರನ್ನು. ಅವರು ಒಂದೇ ಮನೆಯವರಾಗಿರಬಾರದು ಎಂದು ಅದು ಎಲ್ಲೂ ಹೇಳಿರಲಿಲ್ಲ. ಕಂಪನಿ ಒಮ್ಮೆ ಸರಿಯಾಗಿ ನೋಂದಣಿಯಾದ ಮೇಲೆ ಅದು ಬೇರೆಯೇ ಒಬ್ಬ ವ್ಯಕ್ತಿ. ಅದರ ಸಾಲ ಅದರದು. ತೀರ್ಪು ಬಂದಿದ್ದು 1896ರ ನವೆಂಬರ್‌ನಲ್ಲಿ. ವರದಿಯಾದ ವರ್ಷ ಹಿಡಿದು ಕಾನೂನಿನ ಪುಸ್ತಕಗಳು ಅದನ್ನು 1897ರ ಪ್ರಕರಣ ಎನ್ನುತ್ತವೆ.

ಬಾಕಿ ಕಳೆದುಕೊಂಡವರನ್ನು ನೆನೆಸಿಕೊಂಡರೆ ನನಗೆ ಈ ತೀರ್ಪು ಇವತ್ತಿಗೂ ಸ್ವಲ್ಪ ಚುಚ್ಚುತ್ತದೆ. ಅವರೂ ಸಣ್ಣ ವ್ಯಾಪಾರಿಗಳೇ ಇದ್ದಿರಬೇಕು. ಆದರೂ ಲಾರ್ಡ್‌ಗಳು ಹೇಳಿದ್ದರಲ್ಲಿ ಒಂದು ನೇರವಾದ ಮಾತಿದೆ. ಹೆಸರಿನಲ್ಲೇ ಲಿಮಿಟೆಡ್ ಎಂದು ಬರೆದಿರುವ ಕಂಪನಿಗೆ ಸಾಲ ಕೊಟ್ಟವರು ಅದನ್ನು ನೋಡಿಯೇ ಕೊಟ್ಟಿದ್ದಾರೆ. ಈ ಪಾಠವನ್ನು ಸರಕು ಕೊಡುವವರಿಗಿಂತ ಬ್ಯಾಂಕುಗಳು ಚೆನ್ನಾಗಿ ಕಲಿತವು.

ಗೋಡೆ ಮೊದಲು ಕಟ್ಟಿದ್ದು ಒಬ್ಬನ ಅಂಗಡಿಗಾಗಿ ಅಲ್ಲ ಅನ್ನುವುದನ್ನೂ ಮರೆಯಬಾರದು. ಬ್ರಿಟನ್ 1855ರಲ್ಲಿ ಸೀಮಿತ ಹೊಣೆಯ ಕಾಯ್ದೆ ತಂದಾಗ ಅದರ ಕಣ್ಣಿದ್ದದ್ದು ನೂರಾರು ಅಪರಿಚಿತರಿಂದ ಹಣ ಕೂಡಿಸುವ ದೊಡ್ಡ ಉದ್ಯಮಗಳ ಮೇಲೆ. ಊರಾಚೆ ಕೂತು 10 ಷೇರು ಕೊಂಡವನಿಗೆ ಲೆಕ್ಕಪುಸ್ತಕ ನೋಡಲು ಆಗುವುದಿಲ್ಲ, ಮ್ಯಾನೇಜರನ್ನು ಬೈಯಲು ಆಗುವುದಿಲ್ಲ. ಅವನ ಮನೆ ಹರಾಜಿಗೆ ಬರುತ್ತದೆ ಅಂದರೆ ಅವನು ಷೇರು ಯಾಕೆ ಕೊಳ್ಳುತ್ತಾನೆ? ಆಮೇಲೆ ಈ ರಕ್ಷಣೆ ಮೆಲ್ಲಗೆ ಕೆಳಗಿಳಿಯಿತು. ಜರ್ಮನಿ 1892ರಲ್ಲಿ ಸಣ್ಣ ಉದ್ಯಮಗಳಿಗೆಂದೇ ಜಿಎಂಬಿಎಚ್ ಎಂಬ ರೂಪ ತಂದಿತು. ಅಮೆರಿಕದ ವಯೋಮಿಂಗ್ ರಾಜ್ಯ 1977ರಲ್ಲಿ ಎಲ್‌ಎಲ್‌ಸಿ, ಅಂದರೆ ಸೀಮಿತ ಹೊಣೆಯ ಕಂಪನಿಯ ಕಾಯ್ದೆ ಮಾಡಿತು. ಇಂದಿನ ಯುರೋಪಿನ ಒಕ್ಕೂಟದ ಹಿಂದಿನ ರೂಪವಾದ ಯುರೋಪಿನ ಸಮುದಾಯ 1989ರಲ್ಲಿ ಒಬ್ಬರೇ ಸದಸ್ಯರಿರುವ ಕಂಪನಿಗೆ ನಿರ್ದೇಶನ ಹೊರಡಿಸಿತು. ಭಾರತದಲ್ಲಿ ಒಬ್ಬ ವ್ಯಕ್ತಿಯ ಕಂಪನಿ ಬಂದದ್ದು 2013ರ ಕಾಯ್ದೆಯಿಂದ. ಜಿಎಂಬಿಎಚ್‌ಗೆ 25,000 ಯೂರೋ ಬಂಡವಾಳ ಬೇಕು. ಆದರೆ 2008ರಿಂದ ಜರ್ಮನಿಯಲ್ಲಿ 1 ಯೂರೋ ಇಟ್ಟೂ ಒಂದು ಬಗೆಯ ಕಂಪನಿ ತೆರೆಯಬಹುದು. ಬಂಡವಾಳ 25,000 ಯೂರೋ ತಲುಪುವವರೆಗೆ ಪ್ರತಿ ವರ್ಷ ಲಾಭದ ಕಾಲುಭಾಗ ಎತ್ತಿಡಬೇಕು, ಅಷ್ಟೇ.

1 ಯೂರೋ ಬಂಡವಾಳದ ಕಂಪನಿ ಸಾಲ ಕೇಳಿದರೆ ಬ್ಯಾಂಕು ಯಾರ ಮುಖ ನೋಡಬೇಕು? ನಿಮ್ಮದೇ.

ಜಾಮೀನು: ಎಲ್ಲಕ್ಕಿಂತ ದೊಡ್ಡ ಬಾಗಿಲು

ಅದರಲ್ಲಿ ಮೋಸ ಇಲ್ಲ. ಖಾಲಿ ಕಂಪನಿಗೆ ಸಾಲ ಕೊಡುವವರು ಮಾಲೀಕರ ಜಾಮೀನು ಕೇಳುವುದು ಸಹಜ. ಅಮೆರಿಕದಲ್ಲಿ ಸಣ್ಣ ಉದ್ಯಮಗಳಿಗೆ ಸರ್ಕಾರವೇ ಬೆಂಬಲ ಕೊಡುವ ಸಾಲ ಯೋಜನೆಯಲ್ಲೂ ಶೇ 20 ಅಥವಾ ಅದಕ್ಕಿಂತ ಜಾಸ್ತಿ ಪಾಲು ಇರುವವರು ಸ್ವಂತ ಜಾಮೀನು ಕೊಡಬೇಕು. ಷೇರುಪೇಟೆಯಲ್ಲಿ ದೊಡ್ಡ ಕಂಪನಿಯ ಷೇರು ಕೊಂಡವರಿಗೆ ಇಂಥ ಪತ್ರ ಯಾರೂ ಕಳಿಸುವುದಿಲ್ಲ. ಕಾಯ್ದೆ ಇಬ್ಬರಿಗೂ ಒಂದೇ. ಮೇಜಿನ ಮೇಲೆ ಬರುವ ಕಾಗದ ಬೇರೆ.

ತೊಂದರೆ ಇರುವುದು ಜಾಮೀನು ಅಂದರೆ ಏನು ಎಂಬ ನಮ್ಮ ತಿಳುವಳಿಕೆಯಲ್ಲಿ. ಮೊದಲು ಕಂಪನಿಯ ಆಸ್ತಿ ಮಾರುತ್ತಾರೆ, ಸಾಲದಿದ್ದರೆ ಆಮೇಲೆ ನಮ್ಮ ಹತ್ತಿರ ಬರುತ್ತಾರೆ ಎಂದು ಬಹಳ ಮಂದಿ ಅಂದುಕೊಂಡಿರುತ್ತಾರೆ. ಸಾಮಾನ್ಯವಾಗಿ ಹಾಗಿಲ್ಲ. ಭಾರತದ 1872ರ ಕರಾರು ಕಾಯ್ದೆಯ 128ನೇ ಕಲಂ ಪ್ರಕಾರ, ಪತ್ರದಲ್ಲಿ ಬೇರೆ ಏನೂ ಬರೆಯದಿದ್ದರೆ, ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ. ಸಾಲಗಾರನ ಬೆನ್ನು ಹತ್ತಿ ದಣಿದ ಮೇಲೆಯೇ ಜಾಮೀನುದಾರನ ಬಳಿ ಬರಬೇಕು ಎಂಬ ನಿಯಮ ಇಲ್ಲ ಎಂದು ಸುಪ್ರೀಂ ಕೋರ್ಟ್ 1968ರಲ್ಲೇ ಸ್ಪಷ್ಟ ಮಾಡಿತು. ಬ್ಯಾಂಕು ಬೇಕಿದ್ದರೆ ಮೊದಲು ನಿಮ್ಮ ಮನೆಗೇ ಬರಬಹುದು.

ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋದರೆ ಎಲ್ಲ ವಸೂಲಿಯೂ ನಿಲ್ಲುತ್ತದೆ ಎಂಬುದು ಇನ್ನೊಂದು ನಂಬಿಕೆ. ನಿಲ್ಲುವುದು ಕಂಪನಿಯ ಮೇಲಿನ ವಸೂಲಿ. ಕಂಪನಿಗೆ ಸಿಕ್ಕ ತಡೆ ಜಾಮೀನು ಕೊಟ್ಟ ವ್ಯಕ್ತಿಗೆ ಸಿಗುವುದಿಲ್ಲ ಎಂದು ಭಾರತದ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿತು. ದಿವಾಳಿಯಾದ ಕಂಪನಿಯನ್ನು ಉಳಿಸುವ ಪರಿಹಾರ ಯೋಜನೆ ಒಪ್ಪಿಗೆಯಾಗಿ ಕಂಪನಿಯ ಸಾಲದಲ್ಲಿ ಒಂದು ಭಾಗ ಮನ್ನಾ ಆದರೂ ಜಾಮೀನುದಾರ ತಾನಾಗಿ ಬಿಡುಗಡೆಯಾಗುವುದಿಲ್ಲ ಎಂದು 2021ರಲ್ಲಿ ಹೇಳಿತು. ಯೋಚಿಸಿ ನೋಡಿ: ಕಂಪನಿ ಹೊಸ ಮಾಲೀಕರ ಕೈಯಲ್ಲಿ ಹೊಸ ಉಸಿರಿನಿಂದ ಓಡುತ್ತಿದೆ, ಹಳೆಯ ಮಾಲೀಕ ಅದೇ ಕಂಪನಿಯ ಹಳೆಯ ಸಾಲಕ್ಕೆ ಕೋರ್ಟು ಹತ್ತುತ್ತಿದ್ದಾನೆ.

ಪತ್ರದ ಒಳಗಿನ ಪದಗಳನ್ನೂ ನೋಡಬೇಕು. ಎರಡು ಮಾತು ತುಂಬಾ ಕೆಟ್ಟವು. ಒಂದು, ಮುಂದುವರಿಯುವ ಜಾಮೀನು. ಈಗಿನ ಸಾಲಕ್ಕೆ ಮಾತ್ರ ಅಲ್ಲ, ಕಂಪನಿ ನಾಳೆ ತೆಗೆಯುವ ಸಾಲಕ್ಕೂ ಅದು ಅಂಟಿಕೊಳ್ಳುತ್ತದೆ. ಇನ್ನೊಂದು, ಒಟ್ಟಾಗಿ ಮತ್ತು ಪ್ರತ್ಯೇಕವಾಗಿ ಹೊಣೆ. ಮೂವರು ಪಾಲುದಾರರು ಸಹಿ ಹಾಕಿದ್ದಾರೆ, ನನ್ನ ಪಾಲು ಮೂರರಲ್ಲಿ ಒಂದು ಎಂದುಕೊಂಡರೆ ಕೆಟ್ಟಿರಿ. ಮೂವರಲ್ಲಿ ಯಾರ ಹತ್ತಿರ ಆಸ್ತಿ ಇದೆಯೋ ಅವರಿಂದ ಪೂರ್ತಿ ವಸೂಲಿ ಮಾಡಬಹುದು. ಉಳಿದಿಬ್ಬರ ಪಾಲನ್ನು ಅವರಿಂದ ವಾಪಸು ಪಡೆಯುವುದು ನಿಮ್ಮ ತಲೆನೋವು.

ಇನ್ನೂ ಒಂದು ಸಂಗತಿ ಇದೆ. ನೀವು ಕಂಪನಿ ಬಿಟ್ಟು ಬಂದಿರಿ, ಷೇರು ಮಾರಿದಿರಿ, ನಿರ್ದೇಶಕ ಸ್ಥಾನಕ್ಕೆ ರಾಜೀನಾಮೆ ಕೊಟ್ಟಿರಿ. ಜಾಮೀನು ಬಿಟ್ಟು ಬರಲಿಲ್ಲ. ಅದು ಬೇರೆ ಕರಾರು, ಬ್ಯಾಂಕಿನ ಜೊತೆ ಮಾಡಿಕೊಂಡದ್ದು. ಬಿಡುಗಡೆ ಪತ್ರವನ್ನು ಬ್ಯಾಂಕಿನಿಂದಲೇ ಬರೆಸಿಕೊಳ್ಳಬೇಕು. ಭಾರತದ ಕಾಯ್ದೆಯಲ್ಲಿ ಮುಂದುವರಿಯುವ ಜಾಮೀನನ್ನು ನೋಟಿಸ್ ಕೊಟ್ಟು ಮುಂದಿನ ವ್ಯವಹಾರಗಳ ಮಟ್ಟಿಗೆ ನಿಲ್ಲಿಸಲು ಅವಕಾಶ ಇದೆ. ಆದರೆ ಆವರೆಗಿನ ಸಾಲ ಬೆನ್ನ ಮೇಲೇ ಇರುತ್ತದೆ.

ಹಾಗಾದರೆ ಸಹಿ ಹಾಕಲೇಬಾರದಾ? ಅದು ಆಗದ ಮಾತು. ಸಾಲವೇ ಸಿಗುವುದಿಲ್ಲ. ಆದರೆ ಮಾತಾಡಲು ಜಾಗ ಇರುತ್ತದೆ, ನಾವು ಕೇಳುವುದಿಲ್ಲ ಅಷ್ಟೇ. ಜಾಮೀನಿಗೆ ಮೇಲ್ಮಿತಿ ಹಾಕಿಸಬಹುದು. ಒಂದೇ ಸಾಲಕ್ಕೆ ಕಟ್ಟಿಹಾಕಬಹುದು. ಇಷ್ಟು ವರ್ಷ ಕಂತು ಸರಿಯಾಗಿ ಕಟ್ಟಿದರೆ ಬಿಡುಗಡೆ ಎಂದು ಬರೆಸಬಹುದು. ಇರುವ ಒಂದೇ ಮನೆಯನ್ನು ಹೊರಗಿಡಿ ಎಂದು ಕೇಳಬಹುದು. ನಾಲ್ಕರಲ್ಲಿ ಮೂರಕ್ಕೆ ಇಲ್ಲ ಅನ್ನಬಹುದು, ಒಂದು ಸಿಕ್ಕರೂ ಲಾಭವೇ.

ಮನೆಯವರ ಸಹಿಯ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಗಂಡನ ವ್ಯಾಪಾರದ ಸಾಲಕ್ಕೆ ಹೆಂಡತಿ ಮನೆಯನ್ನು ಅಡವಿಡುತ್ತಾಳೆ. ಕಾಗದದಲ್ಲಿ ಏನಿದೆ ಎಂದು ಅವಳಿಗೆ ಯಾರೂ ಹೇಳಿರುವುದಿಲ್ಲ. ಹಾಕು ಅಂದರು, ಹಾಕಿದಳು. ಇಂಥ ಎಂಟು ಪ್ರಕರಣಗಳನ್ನು ಒಟ್ಟಿಗೆ ಕೇಳಿದ ಹೌಸ್ ಆಫ್ ಲಾರ್ಡ್ಸ್ 2001ರಲ್ಲಿ ಬ್ಯಾಂಕುಗಳಿಗೆ ಒಂದು ದಾರಿ ಹಾಕಿಕೊಟ್ಟಿತು. ಸಾಲದ ವಿವರವನ್ನು ಬ್ಯಾಂಕು ಹೆಂಡತಿಯ ವಕೀಲರಿಗೆ ಕಳಿಸಬೇಕು. ವಕೀಲರು ಗಂಡನಿಲ್ಲದಾಗ ಅವಳನ್ನು ಎದುರಿಗೆ ಕೂರಿಸಿಕೊಂಡು, ಸರಳ ಭಾಷೆಯಲ್ಲಿ ಅಪಾಯ ಏನೆಂದು ಹೇಳಬೇಕು. ಜಪಾನ್ ಇನ್ನೂ ಮುಂದೆ ಹೋಯಿತು. 2020ರ ಏಪ್ರಿಲ್‌ನಿಂದ ಅಲ್ಲಿ ವ್ಯಾಪಾರದ ಸಾಲಕ್ಕೆ ಹೊರಗಿನ ವ್ಯಕ್ತಿ ಜಾಮೀನು ನಿಲ್ಲಬೇಕಾದರೆ ಮೊದಲು ನೋಟರಿಯ ಮುಂದೆ ಹೋಗಿ ತನ್ನ ಇಚ್ಛೆಯನ್ನು ಹೇಳಿ ಬರೆಸಬೇಕು. ಇಲ್ಲದಿದ್ದರೆ ಜಾಮೀನೇ ಊರ್ಜಿತವಲ್ಲ. ನೆಂಟಸ್ತಿಕೆಗೆ, ಸ್ನೇಹಕ್ಕೆ ಕಟ್ಟುಬಿದ್ದು ಸಹಿ ಹಾಕಿ ಬೀದಿಗೆ ಬಂದವರ ಕಥೆಗಳು ಆ ಕಾನೂನಿನ ಹಿಂದೆ ಇವೆ. ಆದರೆ ಕಂಪನಿಯ ನಿರ್ದೇಶಕನಿಗೆ ಈ ನಿಯಮ ಅನ್ವಯಿಸುವುದಿಲ್ಲ. ಅವನಿಗೆ ಎಲ್ಲಾ ಗೊತ್ತು ಎಂದು ಕಾನೂನು ಅಂದುಕೊಳ್ಳುತ್ತದೆ. ಗೊತ್ತಿರುತ್ತದಾ ಅನ್ನುವುದು ಬೇರೆ ಮಾತು.

ಚಿಕ್ಕ ಬಾಗಿಲುಗಳು

ಬ್ಯಾಂಕಿನಲ್ಲಾದರೂ ಜಾಮೀನು ಪತ್ರ ಎಂದು ಮೇಲೆ ಬರೆದಿರುತ್ತದೆ. ಸರಕು ಕೊಡುವ ಸಂಸ್ಥೆಯಲ್ಲಿ ಉದ್ದರಿ ಖಾತೆ ತೆರೆಯಲು ತುಂಬುವ ಅರ್ಜಿಯಲ್ಲಿ ಅದು ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ಇರಬಹುದು: ಕೆಳಗೆ ಸಹಿ ಹಾಕಿದವರು ಸ್ವಂತವಾಗಿಯೂ ಹೊಣೆ. ಬಾಡಿಗೆ ಕರಾರಿನಲ್ಲಿ, ಯಂತ್ರ ಬಾಡಿಗೆಗೆ ತರುವ ಕರಾರಿನಲ್ಲಿ, ವ್ಯಾಪಾರದ ಕ್ರೆಡಿಟ್ ಕಾರ್ಡಿನ ಷರತ್ತುಗಳಲ್ಲಿ ಇದೇ ಮಾತು ಬೇರೆ ಬೇರೆ ವೇಷದಲ್ಲಿ ಬರುತ್ತದೆ.

ಸಹಿ ಹಾಕುವ ರೀತಿಯೂ ಒಂದು ಬಾಗಿಲೇ. ಬರೀ ನಿಮ್ಮ ಹೆಸರು ಬರೆದು ಸಹಿ ಹಾಕಿದರೆ ಕರಾರು ಮಾಡಿಕೊಂಡವರು ನೀವೇ ಎಂದು ಎದುರಿನವರು ವಾದಿಸಬಹುದು. ಕಂಪನಿಯ ಪೂರ್ತಿ ಹೆಸರು, ಅದರ ಪರವಾಗಿ, ಆಮೇಲೆ ನಿಮ್ಮ ಹೆಸರು, ಹುದ್ದೆ. ಇಷ್ಟು ಬರೆಯಲು ಅರ್ಧ ನಿಮಿಷ ಸಾಕು.

ಕಂಪನಿ ಹುಟ್ಟುವ ಮೊದಲೇ ಅದರ ಹೆಸರಿನಲ್ಲಿ ಕರಾರು ಮಾಡುವುದು ಇನ್ನೊಂದು ಹಳೆಯ ತಪ್ಪು. 1866ರ ಒಂದು ಇಂಗ್ಲಿಷ್ ಪ್ರಕರಣ ಇದಕ್ಕೆ ಪ್ರಸಿದ್ಧ. ಇನ್ನೂ ನೋಂದಣಿಯಾಗದ ಹೋಟೆಲ್ ಕಂಪನಿಯ ಪರವಾಗಿ ಕೆಲವರು ವೈನ್ ಕೊಂಡರು. ಕಂಪನಿ ಆಮೇಲೆ ಹುಟ್ಟಿತು, ವೈನೂ ಮುಗಿಯಿತು, ದುಡ್ಡು ಕೊಡುವ ಮೊದಲೇ ಕಂಪನಿ ಮುಳುಗಿತು. ಕೋರ್ಟು ಸಹಿ ಹಾಕಿದವರನ್ನೇ ಹಿಡಿಯಿತು. ಹುಟ್ಟದೇ ಇರುವವರ ಪರವಾಗಿ ಯಾರೂ ಏಜೆಂಟ್ ಆಗಲಾರರು ಎಂಬುದು ತರ್ಕ. ಇವತ್ತಿನ ಕಾಯ್ದೆಗಳು ಕೆಲವು ಕಡೆ ಇದನ್ನು ಸಡಿಲ ಮಾಡಿವೆ. ಆದರೂ ನೋಂದಣಿ ಪತ್ರ ಕೈಗೆ ಬರುವ ಮುಂಚೆ ಜಾಗಕ್ಕೆ ಮುಂಗಡ ಕೊಟ್ಟು ಕರಾರು ಬರೆಯುವವರು ಇದನ್ನು ನೆನಪಿಡಬೇಕು.

ಇನ್ನು ತೆರಿಗೆ. ನೌಕರರ ಸಂಬಳದಲ್ಲಿ ಹಿಡಿದುಕೊಂಡ ತೆರಿಗೆ ನಿಮ್ಮ ಹಣವೂ ಅಲ್ಲ, ಕಂಪನಿಯ ಹಣವೂ ಅಲ್ಲ. ಕೈ ಬಿಗಿಯಾದಾಗ ಅದನ್ನೇ ಬಳಸಿ ಬಾಡಿಗೆ ಕಟ್ಟುವ ಆಸೆ ಬರುತ್ತದೆ, ಆಮೇಲೆ ತುಂಬೋಣ ಎಂದು. ಅಮೆರಿಕದಲ್ಲಿ ಹೀಗೆ ಗೊತ್ತಿದ್ದೂ ಕಟ್ಟದೆ ಉಳಿಸಿದರೆ ಹೊಣೆ ಹೊತ್ತ ವ್ಯಕ್ತಿಯಿಂದಲೇ ಆ ತೆರಿಗೆಯ ಶೇ 100ರಷ್ಟನ್ನು ದಂಡವಾಗಿ ವಸೂಲಿ ಮಾಡುತ್ತಾರೆ. ಕಂಪನಿಯ ಗೋಡೆ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಎಲ್ಲ ಬಾಕಿಗಳಲ್ಲಿ ಯಾವುದನ್ನು ಮೊದಲು ಕಟ್ಟಲಿ ಎಂದು ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

ನಿಮ್ಮ ಕೈಯಿಂದಲೇ ಆದ ತಪ್ಪಿಗೂ ಗೋಡೆ ಇಲ್ಲ. ಕಂಪನಿಯ ವ್ಯಾನ್ ಓಡಿಸುತ್ತಾ ಯಾರಿಗೋ ಗುದ್ದಿದರೆ ಕಂಪನಿಯೂ ಹೊಣೆ, ಓಡಿಸಿದ ನೀವೂ ಹೊಣೆ. ಇಲ್ಲಿ ಕಾಯುವುದು ವಿಮೆ, ಕಂಪನಿಯಲ್ಲ.

ಮುಳುಗುವ ಹೊತ್ತಿನ ಬಾಗಿಲು ಬೇರೆ ಥರದ್ದು. ಕಂಪನಿ ಉಳಿಯುವುದಿಲ್ಲ ಎಂದು ಗೊತ್ತಾದ ಮೇಲೂ ಉದ್ದರಿ ತರುತ್ತಾ ಹೋದರೆ ಬ್ರಿಟನ್ನಿನಲ್ಲಿ 1986ರ ದಿವಾಳಿ ಕಾಯ್ದೆಯ ಪ್ರಕಾರ ನಿರ್ದೇಶಕ ತನ್ನ ಜೇಬಿನಿಂದ ಕೊಡಬೇಕಾಗಬಹುದು. ಜರ್ಮನಿಯಲ್ಲಿ ಗಡುವೇ ಇದೆ. ಬಾಕಿ ಕಟ್ಟಲಾಗದ ಸ್ಥಿತಿ ಬಂದ ಮೇಲೆ ಹೆಚ್ಚೆಂದರೆ 3 ವಾರದಲ್ಲಿ ದಿವಾಳಿ ಅರ್ಜಿ ಹಾಕಬೇಕು. ಛಲ ಬಿಡದೆ ಹೋರಾಡುವವರನ್ನು ನಾವು ಮೆಚ್ಚುತ್ತೇವೆ. ಆದರೆ ಆ ಹೋರಾಟ ಇನ್ನೊಬ್ಬರ ಸರಕಿನಿಂದ, ಇನ್ನೊಬ್ಬರ ದುಡ್ಡಿನಿಂದ ನಡೆಯುತ್ತಿದ್ದರೆ ಕಾನೂನು ಅದನ್ನು ಬೇರೆ ಕಣ್ಣಿನಿಂದ ನೋಡುತ್ತದೆ.

ಕೋರ್ಟು ಒಡೆಯುವ ಗೋಡೆ

ಇಲ್ಲಿಯವರೆಗೆ ಹೇಳಿದ್ದೆಲ್ಲ ಮಾಲೀಕನ ಸಹಿಯಿಂದಲೋ ನಡತೆಯಿಂದಲೋ ತೆರೆದ ಬಾಗಿಲುಗಳು. ಕೆಲವೊಮ್ಮೆ ಕೋರ್ಟೇ ಗೋಡೆ ಒಡೆಯುತ್ತದೆ. ಇದನ್ನು ಕಂಪನಿಯ ಮುಸುಕು ಸರಿಸುವುದು ಎನ್ನುತ್ತಾರೆ. ಇದರ ಬಗ್ಗೆ ಹೆದರಿಕೆ ಜಾಸ್ತಿ, ಆದರೆ ಕೋರ್ಟುಗಳು ಸುಲಭವಾಗಿ ಒಪ್ಪುವುದಿಲ್ಲ. ನ್ಯೂಯಾರ್ಕ್‌ನ 1966ರ ಒಂದು ಪ್ರಕರಣ ನೋಡಿ. ಒಬ್ಬ ಟ್ಯಾಕ್ಸಿ ಮಾಲೀಕ 10 ಕಂಪನಿ ಮಾಡಿಕೊಂಡಿದ್ದ. ಒಂದೊಂದಕ್ಕೆ ಎರಡೆರಡು ಟ್ಯಾಕ್ಸಿ. ಪ್ರತಿ ಟ್ಯಾಕ್ಸಿಗೆ ಕಾನೂನು ಹೇಳಿದ ಕನಿಷ್ಠ 10,000 ಡಾಲರ್ ವಿಮೆ, ಅದಕ್ಕಿಂತ ಒಂದು ಡಾಲರ್ ಜಾಸ್ತಿ ಇಲ್ಲ. ಟ್ಯಾಕ್ಸಿ ಬಡಿದು ಗಾಯಗೊಂಡವನು ಮಾಲೀಕನನ್ನೇ ಹಿಡಿಯಲು ನೋಡಿದ. ಬಂಡವಾಳ ಕಡಿಮೆ ಇದೆ ಅನ್ನುವುದೊಂದೇ ಕಾರಣಕ್ಕೆ ಗೋಡೆ ಒಡೆಯಲಾಗದು, ವಿಮೆ ಸಾಲದಿದ್ದರೆ ಹೆಚ್ಚಿಸುವುದು ಶಾಸಕರ ಕೆಲಸ ಎಂದಿತು ಕೋರ್ಟು. ಆದರೆ ಒಂದು ಮಾತು ಸೇರಿಸಿತು. ಮಾಲೀಕ ಕಂಪನಿಗಳ ಹಣವನ್ನು ತನ್ನದೇ ಎಂಬಂತೆ ಬಳಸಿ, ವ್ಯಾಪಾರವನ್ನು ಸ್ವಂತಕ್ಕೇ ನಡೆಸುತ್ತಿದ್ದ ಎಂದು ತೋರಿಸಿದರೆ ಅದು ಬೇರೆ ಮಾತು.

ಸಣ್ಣ ಕಂಪನಿಗಳು ಸಿಕ್ಕಿಬೀಳುವುದು ಆ ಬೇರೆ ಮಾತಿನಲ್ಲೇ. ಕಂಪನಿಯ ಖಾತೆಯಿಂದ ಮಗನ ಶಾಲೆಯ ಶುಲ್ಕ ಹೋಗುತ್ತದೆ. ಮನೆಯ ಖಾತೆಯಿಂದ ಕಂಪನಿಯ ಕರೆಂಟು ಬಿಲ್ಲು ಹೋಗುತ್ತದೆ. ಸಭೆ ನಡೆಸಿದ ದಾಖಲೆ ಇಲ್ಲ, ಮಾಲೀಕ ಕಂಪನಿಗೆ ಕೊಟ್ಟ ಕೈಸಾಲಕ್ಕೆ ಚೀಟಿ ಇಲ್ಲ. ನೀವೇ ಎರಡನ್ನೂ ಒಂದೇ ಎಂದು ನಡೆಸಿದ ಮೇಲೆ ಕೋರ್ಟು ಯಾಕೆ ಬೇರೆ ಎಂದು ನಂಬಬೇಕು? ರಾಬರ್ಟ್ ಥಾಂಪ್ಸನ್ ಎಂಬ ಅಮೆರಿಕದ ಪ್ರಾಧ್ಯಾಪಕರು 1991ರಲ್ಲಿ ಇಂಥ ಸುಮಾರು 1,600 ತೀರ್ಪುಗಳನ್ನು ಎಣಿಸಿ ನೋಡಿದರು. ಸುಮಾರು ಶೇ 40ರಲ್ಲಿ ಗೋಡೆ ಒಡೆದಿತ್ತು. ಆದರೆ ಷೇರುಪೇಟೆಯಲ್ಲಿರುವ ದೊಡ್ಡ ಕಂಪನಿಯ ಷೇರುದಾರರ ಗೋಡೆ ಒಡೆದ ಒಂದು ಉದಾಹರಣೆಯೂ ಅವರಿಗೆ ಸಿಗಲಿಲ್ಲ. ಒಡೆದದ್ದೆಲ್ಲ ಕೆಲವೇ ಮಂದಿಯ ಕೈಯಲ್ಲಿದ್ದ ಕಂಪನಿಗಳಲ್ಲಿ, ಇಲ್ಲವೇ ಒಂದೇ ಗುಂಪಿನ ತಾಯಿ ಕಂಪನಿ, ಮರಿ ಕಂಪನಿಗಳ ನಡುವೆ.

ಪಾಲುದಾರರ ನಡುವಿನ ಜಗಳ ಇದಕ್ಕಿಂತ ಹೆಚ್ಚು ಕಂಪನಿಗಳನ್ನು ಮುಳುಗಿಸುತ್ತದೆ ಎಂಬುದು ನನ್ನ ಅನಿಸಿಕೆ. ಅದರ ಬಗ್ಗೆ ಬರೆಯಲು ಹೋದರೆ ಇನ್ನೊಂದು ಲೇಖನ ಬೇಕು. ಒಂದು ಪ್ರಕರಣ ಮಾತ್ರ ಹೇಳುತ್ತೇನೆ. ಇಂಗ್ಲೆಂಡಿನಲ್ಲಿ ಇಬ್ಬರು ಸರಿಸಮ ಪಾಲುದಾರರು ಕಾರ್ಪೆಟ್ ವ್ಯಾಪಾರ ಮಾಡುತ್ತಿದ್ದರು. 1958ರಲ್ಲಿ ಅದನ್ನು ಕಂಪನಿ ಮಾಡಿದರು. ಸ್ವಲ್ಪದರಲ್ಲೇ ಒಬ್ಬನ ಮಗ ಸೇರಿಕೊಂಡ, ಅವನಿಗೆ ಇಬ್ಬರೂ ಷೇರು ಬಿಟ್ಟುಕೊಟ್ಟರು. ವರ್ಷಗಳ ನಂತರ ಜಗಳವಾದಾಗ ಅಪ್ಪ ಮಗ ಒಂದಾಗಿ ಮತ ಹಾಕಿ ಇನ್ನೊಬ್ಬನನ್ನು ನಿರ್ದೇಶಕ ಸ್ಥಾನದಿಂದ ಇಳಿಸಿದರು. ಲಾಭವನ್ನೆಲ್ಲ ನಿರ್ದೇಶಕರ ಸಂಬಳವಾಗಿ ಹಂಚುತ್ತಿದ್ದರಿಂದ ಅವನ ಕೈಯಲ್ಲಿ ಷೇರು ಉಳಿಯಿತು, ಆದಾಯ ಉಳಿಯಲಿಲ್ಲ. 1972ರಲ್ಲಿ ಹೌಸ್ ಆಫ್ ಲಾರ್ಡ್ಸ್ ಅವನ ಪರ ನಿಂತಿತು. ಹೇಗೆ? ಕಂಪನಿಯನ್ನೇ ಮುಚ್ಚಿಸಿ. ಗೆದ್ದವನಿಗೂ ವ್ಯಾಪಾರ ಸಿಗಲಿಲ್ಲ. ಯಾರು ಯಾವಾಗ ಹೊರಗೆ ಹೋಗಬಹುದು, ಹೋಗುವವರ ಷೇರಿಗೆ ಬೆಲೆ ಕಟ್ಟುವುದು ಹೇಗೆ ಎಂದು ಎರಡು ಪುಟ ಮೊದಲೇ ಬರೆದಿಟ್ಟಿದ್ದರೆ ಸಾಕಿತ್ತು. ಬರೆಯಬೇಕಾದದ್ದು ಎಲ್ಲರೂ ನಗುನಗುತ್ತಾ ಇರುವಾಗಲೇ, ಆದರೆ ಆಗ ಯಾರಿಗೂ ಅದರ ನೆನಪಿರುವುದಿಲ್ಲ.

ದೊಡ್ಡವರ ಕರಾರು, ಸಣ್ಣವರ ಬಾಕಿ

ದೊಡ್ಡ ಕಾರ್ಪೊರೇಟು ನಿಮ್ಮ ಗ್ರಾಹಕ ಆದರೆ ಕರಾರು ಅವರದೇ ಮುದ್ರಿತ ನಮೂನೆಯಲ್ಲಿ ಬರುತ್ತದೆ. ಹಣ 90 ದಿನಕ್ಕೆ ಎಂದಿರುತ್ತದೆ. ಅವರ ಬಳಿ ಕಾನೂನು ವಿಭಾಗವೇ ಇದೆ, ನಿಮ್ಮ ಬಳಿ ಭಾನುವಾರ ಸಂಜೆ ಇದೆ.

ಕಾನೂನು ಇಲ್ಲಿ ಸಣ್ಣವರ ಪರ ಇದೆ, ಕಾಗದದ ಮೇಲೆ. ಭಾರತದ 2006ರ ಕಾಯ್ದೆ ನೋಂದಾಯಿತ ಕಿರು ಮತ್ತು ಸಣ್ಣ ಉದ್ಯಮಗಳಿಗೆ ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು ಎನ್ನುತ್ತದೆ. ತಡವಾದರೆ ರಿಸರ್ವ್ ಬ್ಯಾಂಕಿನ ದರದ ಮೂರು ಪಟ್ಟು ಬಡ್ಡಿ, ಅದೂ ಚಕ್ರಬಡ್ಡಿ. ಯುರೋಪಿನ 2011ರ ನಿರ್ದೇಶನದಲ್ಲಿ ವ್ಯಾಪಾರಿಗಳ ನಡುವೆ ಸಾಮಾನ್ಯ ಮಿತಿ 60 ದಿನ. ಬ್ರಿಟನ್ 1998ರಲ್ಲೇ ಮೂಲ ದರದ ಮೇಲೆ ಶೇ 8 ಬಡ್ಡಿಯ ಹಕ್ಕು ಕೊಟ್ಟಿದೆ. ಆದರೆ ಹಕ್ಕು ಚಲಾಯಿಸಬೇಕಾದದ್ದು ನಿಮ್ಮ ಅತಿ ದೊಡ್ಡ ಗ್ರಾಹಕನ ಮೇಲೆ. ಬಡ್ಡಿ ಕೇಳಿದ ಮರುದಿನ ಆರ್ಡರ್ ನಿಂತರೆ? ಅದಕ್ಕೇ ನನಗೆ ಭಾರತದ ಇನ್ನೊಂದು ದಾರಿ ಹೆಚ್ಚು ಜಾಣತನದ್ದು ಅನ್ನಿಸುತ್ತದೆ. 2024ರ ಏಪ್ರಿಲ್‌ನಿಂದ, ಇಂಥ ಉದ್ಯಮಗಳಿಗೆ ಗಡುವಿನೊಳಗೆ ಕೊಡದ ಹಣವನ್ನು ಕೊಳ್ಳುವವರು ಆ ವರ್ಷದ ಖರ್ಚು ಎಂದು ಆದಾಯ ತೆರಿಗೆಯಲ್ಲಿ ತೋರಿಸುವ ಹಾಗಿಲ್ಲ. ಕೊಟ್ಟ ವರ್ಷವೇ ತೋರಿಸಬೇಕು. ಸಣ್ಣವನು ಜಗಳಕ್ಕೆ ಹೋಗಬೇಕಿಲ್ಲ, ದೊಡ್ಡವನ ಲೆಕ್ಕಿಗನೇ ನೆನಪಿಸುತ್ತಾನೆ. ಇದರಿಂದ ಕೆಲವರು ಸಣ್ಣವರನ್ನು ಬಿಟ್ಟು ನೋಂದಣಿ ಇಲ್ಲದವರ ಹತ್ತಿರ ಕೊಳ್ಳತೊಡಗುತ್ತಾರೆ ಎಂಬ ದೂರೂ ಇದೆ. ಅದನ್ನು ತಳ್ಳಿಹಾಕಲಾಗದು.

ಕರಾರಿನ ಒಳಗಿನ ಒರಟು ಷರತ್ತುಗಳ ಬಗ್ಗೆ ಆಸ್ಟ್ರೇಲಿಯಾ ಗಟ್ಟಿ ಹೆಜ್ಜೆ ಇಟ್ಟಿದೆ. ಗ್ರಾಹಕರಿಗೆ ಇದ್ದ ರಕ್ಷಣೆಯನ್ನು 2016ರಲ್ಲಿ ಸಣ್ಣ ವ್ಯಾಪಾರಗಳಿಗೂ ಹಿಗ್ಗಿಸಿತು. 2023ರ ನವೆಂಬರ್‌ನಿಂದ ಅನ್ಯಾಯದ ಷರತ್ತು ಹಾಕಿದರೆ ದಂಡವೂ ಇದೆ. ಅದಕ್ಕೆ ಮುಂಚೆ ಆ ಷರತ್ತು ಬರೀ ಅನೂರ್ಜಿತ ಆಗುತ್ತಿತ್ತು. ಹಾಕಿ ನೋಡುವವರಿಗೆ ನಷ್ಟವೇ ಇರಲಿಲ್ಲ.

ಉಳಿದ ಎರಡು ಮೂರು ವಿಷಯ ಬೇಗ ಹೇಳಿಬಿಡುತ್ತೇನೆ. ಕಂಪನಿಯ ಹೆಸರು ನೋಂದಣಿಯಾದರೆ ಆ ಹೆಸರು ನಿಮ್ಮ ಟ್ರೇಡ್‌ಮಾರ್ಕ್ ಆಯಿತು ಎಂದಲ್ಲ. ಎರಡೂ ಬೇರೆ ಬೇರೆ ದಾಖಲೆ. ಲೋಗೋ ಬರೆದುಕೊಟ್ಟ ಹೊರಗಿನ ಕಲಾವಿದರಿಗೆ ದುಡ್ಡು ಕೊಟ್ಟಿರಬಹುದು, ಆದರೂ ಅನೇಕ ದೇಶಗಳಲ್ಲಿ ಹಕ್ಕು ಬರಹದಲ್ಲಿ ವರ್ಗಾವಣೆ ಆಗುವವರೆಗೆ ಅವರದೇ. ಗ್ರಾಹಕರ ಫೋನ್ ನಂಬರು ಕೂಡಿಡುವವರು ಡೇಟಾ ಕಾನೂನಿನೊಳಗೆ ಬರುತ್ತಾರೆ. ಯುರೋಪಿನ ಡೇಟಾ ಕಾನೂನಾದ ಜಿಡಿಪಿಆರ್‌ನಲ್ಲಿ ಗರಿಷ್ಠ ದಂಡ 2 ಕೋಟಿ ಯೂರೋ ಅಥವಾ ಜಾಗತಿಕ ವಹಿವಾಟಿನ ಶೇ 4, ಯಾವುದು ಜಾಸ್ತಿಯೋ ಅದು. ಶೇ 4 ಅನ್ನುವುದು ದೈತ್ಯ ಕಂಪನಿಗಳಿಗೆ. ವಹಿವಾಟು 50 ಕೋಟಿ ಯೂರೋಗಿಂತ ಕಡಿಮೆ ಇರುವ ಎಲ್ಲರಿಗೂ ಮಿತಿ ಆ 2 ಕೋಟಿಯೇ. ದಂಡ ತಪ್ಪಿಗೆ ತಕ್ಕಷ್ಟೇ ಇರಬೇಕು ಎಂಬ ನಿಯಮ ಇರುವುದರಿಂದ ಸಣ್ಣವರು ಅಲ್ಲಿಯವರೆಗೆ ಹೋಗುವುದಿಲ್ಲ ಅನ್ನಿ.

ಮತ್ತೆ ಗೋಡೆಗೆ ಬರೋಣ. ಕಂಪನಿಯೇ ಮಾಡದೆ ಒಬ್ಬರೇ ವ್ಯಾಪಾರ ನಡೆಸುವವರಿಗೂ ಈ ಗೋಡೆ ಕೊಟ್ಟರೆ ಹೇಗೆ? ಫ್ರಾನ್ಸ್ ಅದನ್ನೇ ಮಾಡಿತು. 2022ರ ಫೆಬ್ರವರಿಯಲ್ಲಿ ಬಂದ ಕಾನೂನು ಅದೇ ವರ್ಷದ ಮೇ 15ರಿಂದ ಜಾರಿಗೆ ಬಂತು. ಒಬ್ಬರೇ ವ್ಯಾಪಾರ ಶುರು ಮಾಡಿದ ಕೂಡಲೇ ಅವರ ವ್ಯಾಪಾರದ ಆಸ್ತಿ, ಮನೆಯ ಆಸ್ತಿ ತಾವಾಗಿಯೇ ಬೇರೆ ಬೇರೆ. ಅರ್ಜಿ ಬೇಡ, ಕಂಪನಿ ಬೇಡ. ಸಾಲೊಮನ್ ಮನೆಯವರನ್ನೆಲ್ಲ ಸೇರಿಸಿ ಪಡೆದದ್ದನ್ನು ಅಲ್ಲಿ ಸುಮ್ನೆ ಕೊಡುತ್ತಾರೆ. ಕೇಳಲು ಎಷ್ಟು ಚೆನ್ನಾಗಿದೆ! ಆದರೆ ಅದೇ ಕಾನೂನಿನಲ್ಲಿ ಒಂದು ಅವಕಾಶ ಇದೆ. ಸಾಲ ಕೊಡುವವರು ಬರಹದಲ್ಲಿ ಕೇಳಿದರೆ, ಆ ಒಂದು ಸಾಲದ ಮಟ್ಟಿಗೆ ವ್ಯಾಪಾರಿ ಈ ರಕ್ಷಣೆಯನ್ನು ಬಿಟ್ಟುಕೊಡಬಹುದು. ಎಷ್ಟು ಮೊತ್ತಕ್ಕೆ, ಎಲ್ಲಿಯವರೆಗೆ ಎಂದು ನಮೂದಿಸಬೇಕು. ಕೇಳಿದ ಕೂಡಲೇ ಸಹಿ ಹಾಕುವಂತಿಲ್ಲ, ಸಾಮಾನ್ಯವಾಗಿ 7 ದಿನ ಕಾಯಬೇಕು. ಕಾಗದ ಮನೆಗೆ ತೆಗೆದುಕೊಂಡು ಹೋಗಿ ಓದಬಹುದು, ಇನ್ನೊಬ್ಬರಿಗೆ ತೋರಿಸಬಹುದು.

ಎಂಟನೆಯ ದಿನ ಅದೇ ಮೇಜು, ಅದೇ ಪೆನ್ಸಿಲ್ ಗುರುತು.